ಜಲನೀಲಿ : ಮನೆಯ ಮೀನಿನ ತೊಟ್ಟಿಯೂ ನಲ್ಲಿಯ ನೀರೂ

ನೀರಿನಲ್ಲಿ ಹುಟ್ಟಿ ನೀರನ್ನೇ ಹಸುರಾಗಿಸುವ ಪಾಚಿಗೆ ಅಮರಕೋಶವು ಮೂರು ಹೆಸರುಗಳನ್ನು ಹೇಳುತ್ತದೆ: ಜಲನೀಲೀ, ಶೈವಾಲ, ಶೈವಲ. ಕನ್ನಡದಲ್ಲಿ ಪಾಚಿ, ಹಾವಸೆ ಎಂಬ ಎರಡು ಮಾತುಗಳು ರೂಢಿಯಲ್ಲಿವೆ. ಪಾಚಿಯೆಂಬುದು ಪಚ್ಚೆ, ಹಸಿ ಎಂಬ ಹಸುರುವಾಚಕ ಶಬ್ದಗಳ ಬಳಗಕ್ಕೆ ಸೇರಿದ್ದು. ಹಾವಸೆಯು ಹಳಗನ್ನಡದ ಪಾವಸೆಯಿಂದ ಬಂದದ್ದು. ಹೆಸರಿಟ್ಟ ಹಿರಿಯರು ಇದನ್ನು ಕೆರೆಯ ಸೋಪಾನದ ಮೇಲೆ, ಬಾವಿಯ ಒಳಗೋಡೆಯ ಮೇಲೆ, ಕಲ್ಯಾಣಿಯ ಮೂಲೆಯಲ್ಲಿ ಕಂಡರು. ಇಂದಿನ ಗೃಹಸ್ಥನು ಕಾಣುವುದು ಪಡಸಾಲೆಯಲ್ಲಿರಿಸಿದ ಗಾಜಿನ ತೊಟ್ಟಿಯಲ್ಲಿ. ಎಡೆ ಬೇರೆಯಾದರೂ ವಸ್ತು ಒಂದೇ. ಅದು ಹುಟ್ಟುವ ಕಾರಣವೂ ಒಂದೇ.

ಮೀನುಗಳನ್ನು ಸಾಕಿ ನೋಡಿ ನಲಿಯುವ ಅಭಿರುಚಿ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದ್ದು, ಮೀನಿನ ಜಾತಿಗಳನ್ನೂ ಅವುಗಳಿಗೆ ಹಾಕಬೇಕಾದ ಆಹಾರವನ್ನೂ ಅಲ್ಲಿ ನಿರೂಪಿಸಲಾಗಿದೆ. ಆದರೆ ಗಾಜಿನ ಗೋಡೆಯ ಹಿಂದೆ ಜಲಚರಗಳನ್ನು ಇರಿಸಿ ಪಾರ್ಶ್ವದಿಂದ ನೋಡುವ ಪದ್ಧತಿ ಈಚಿನದು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಗಾಸ್ ಎಂಬ ವಿದ್ವಾಂಸನ ಗ್ರಂಥದಿಂದ 'ಅಕ್ವೇರಿಯಂ' ಎಂಬ ಹೆಸರು ಪ್ರಚಾರಕ್ಕೆ ಬಂದಿತು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಸರ್ಕಾರಿ ಮತ್ಸ್ಯಾಲಯ ಆರಂಭವಾದದ್ದು 1983ರಲ್ಲಿ. ಈಗ ತುಮಕೂರಿನಂತಹ ನಗರದಲ್ಲಿ ಮಾತ್ರವಲ್ಲ, ಗುಬ್ಬಿ, ಕುಣಿಗಲ್‌ಗಳಂತಹ ತಾಲ್ಲೂಕು ಕೇಂದ್ರಗಳಲ್ಲಿಯೂ ಮನೆಗಳಲ್ಲಿ, ವೈದ್ಯರ ಕೊಠಡಿಗಳಲ್ಲಿ, ಶಾಲೆಯ ವಿಜ್ಞಾನ ವಿಭಾಗಗಳಲ್ಲಿ ಮೀನಿನ ತೊಟ್ಟಿ ಕಾಣಸಿಗುತ್ತದೆ.

ತಂದ ಹೊಸತರಲ್ಲಿ ತೊಟ್ಟಿ ಸ್ಫಟಿಕದಂತೆ ಹೊಳೆಯುತ್ತದೆ. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಗಾಜಿನ ಮೇಲೆ ಕಂದು ಪೊರೆ, ಬಳಿಕ ಹಸುರು ಚುಕ್ಕೆ, ಕಡೆಗೆ ಕೆಸುವಿನೆಲೆಯನ್ನು ಅರೆದು ಕಲಸಿದಂತಹ ನೀರು. ಮನೆಯವರು ನೀರನ್ನೆಲ್ಲ ಚೆಲ್ಲಿ, ಗಾಜನ್ನು ತಿಕ್ಕಿ, ಹೊಸ ನಲ್ಲಿಯ ನೀರನ್ನು ತುಂಬುತ್ತಾರೆ. ಹತ್ತು ದಿನಕ್ಕೆ ಪಾಚಿ ಮತ್ತೆ ಪ್ರತ್ಯಕ್ಷ. ಎರಡು ಮೂರು ಬಾರಿ ಹೀಗಾದ ಮೇಲೆ ಮೀನುಗಳು ಒಂದೊಂದಾಗಿ ಸಾಯುತ್ತವೆ. ತೊಟ್ಟಿ ಅಟ್ಟ ಸೇರುತ್ತದೆ. ಪಾಚಿ ಬಂದದ್ದು ಕೊಳೆಯಿಂದ ಎಂಬ ಭಾವನೆಯೇ ಈ ಸೋಲಿನ ಮೂಲ. ಅನೇಕ ಸಂದರ್ಭಗಳಲ್ಲಿ ಕೊಳೆಯನ್ನು ತೊಳೆಯಲೆಂದು ತಂದ ನೀರೇ ಪಾಚಿಯ ಆಹಾರವನ್ನು ಹೊತ್ತು ತಂದಿರುತ್ತದೆ. ಇದು ಹೇಗೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಪಾಚಿಯ ಸ್ವರೂಪ

ಪಾಚಿಯು ಬೇರು, ಕಾಂಡ, ಎಲೆಗಳೆಂಬ ಅಂಗಭೇದವಿಲ್ಲದ ಸಸ್ಯಸದೃಶ ಜೀವಿ. ಬೆಳಕು, ಇಂಗಾಲದ ಡೈ ಆಕ್ಸೈಡು ಮತ್ತು ಕರಗಿದ ಲವಣಗಳು ದೊರೆತರೆ ಅದು ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳುತ್ತದೆ. ಲವಣಗಳಲ್ಲಿ ಮುಖ್ಯವಾದವು ಸಾರಜನಕವನ್ನೊಳಗೊಂಡ ನೈಟ್ರೇಟು ಮತ್ತು ರಂಜಕವನ್ನೊಳಗೊಂಡ ಫಾಸ್ಫೇಟು. ಹೊಲಕ್ಕೆ ಗೊಬ್ಬರ ಯಾವುದೋ ತೊಟ್ಟಿಗೂ ಗೊಬ್ಬರ ಅದೇ.

ಮನೆಯ ತೊಟ್ಟಿಯಲ್ಲಿ ಕಾಣುವ ಪಾಚಿಯನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಕಂದು ಪೊರೆ. ಇದು ಡಯಾಟಮ್ ಎಂಬ ಸೂಕ್ಷ್ಮಜೀವಿಗಳ ಸಮೂಹ. ಇವುಗಳ ಕವಚ ಸಿಲಿಕಾದಿಂದ ಆದದ್ದು. ಹೊಸ ತೊಟ್ಟಿಯಲ್ಲಿ ಇದು ಮೊದಲು ತಲೆದೋರಿ, ನೀರಿನಲ್ಲಿ ಸಿಲಿಕಾ ಕಡಿಮೆಯಾದಂತೆ ತಾನಾಗಿ ಇಳಿಯುವುದುಂಟು. ಎರಡನೆಯದು ಹಸುರು ನೀರು: ಏಕಕೋಶದ ಹಸುರು ಪಾಚಿಗಳು ಅಸಂಖ್ಯವಾಗಿ ತೇಲುವುದರಿಂದ ನೀರೇ ಬಣ್ಣ ತಿರುಗುತ್ತದೆ. ಮೂರನೆಯದು ಗಾಜಿಗೂ ಎಲೆಗೂ ಅಂಟುವ ಹಸುರು ಚುಕ್ಕೆ ಮತ್ತು ಕೂದಲಿನಂತಹ ಎಳೆ. ನಾಲ್ಕನೆಯದು ನೀಲಿಹಸುರು ಬಣ್ಣದ, ಮುಟ್ಟಿದರೆ ಲೋಳೆಯಾಗಿ ಪದರಪದರವಾಗಿ ಕಳಚುವ, ದುರ್ವಾಸನೆಯ ಹಾಸು. ಜನರು ಇದನ್ನೂ ಪಾಚಿಯೆಂದೇ ಕರೆದರೂ ವಿಜ್ಞಾನದ ದೃಷ್ಟಿಯಲ್ಲಿ ಇದು ಸಯನೋಬ್ಯಾಕ್ಟೀರಿಯ ಎಂಬ ಬ್ಯಾಕ್ಟೀರಿಯ ವರ್ಗ. ಇವುಗಳಲ್ಲಿ ಕೆಲವು ವಿಷವನ್ನು ಸ್ರವಿಸುತ್ತವೆ. ಕೆರೆಯಲ್ಲಿ ಇಂತಹ ಹಾಸು ಬೆಳೆದ ನೀರು ಕುಡಿದು ದನಕುರಿಗಳು ಸತ್ತುದನ್ನು 1878ರಷ್ಟು ಹಿಂದೆಯೇ ಆಸ್ಟ್ರೇಲಿಯದ ಅಲೆಕ್ಸಾಂಡ್ರಿನ ಸರೋವರದ ನಿದರ್ಶನದಿಂದ ಜಾರ್ಜ್ ಫ್ರಾನ್ಸಿಸ್ ಎಂಬುವರು ವರದಿ ಮಾಡಿದ್ದರು.

ಪೋಷಕ ಲವಣ ಹೆಚ್ಚಿದರೆ ಪಾಚಿ ಹೆಚ್ಚುವುದೆಂಬುದಕ್ಕೆ ಪ್ರಸಿದ್ಧವಾದ ಒಂದು ಪ್ರಯೋಗವಿದೆ. 1973ರಲ್ಲಿ ಕೆನಡಾ ದೇಶದ ವಿಜ್ಞಾನಿಗಳು ಒಂದು ಸರೋವರವನ್ನು ನಡುವೆ ಪರದೆ ಕಟ್ಟಿ ಎರಡಾಗಿ ಭಾಗಿಸಿದರು. ಎರಡು ಭಾಗಗಳಿಗೂ ಇಂಗಾಲವನ್ನೂ ಸಾರಜನಕವನ್ನೂ ಹಾಕಿ, ಒಂದಕ್ಕೆ ಮಾತ್ರ ರಂಜಕವನ್ನು ಕೂಡಿಸಿದರು. ರಂಜಕ ಬಿದ್ದ ಭಾಗ ಹಸುರಾಯಿತು. ಇನ್ನೊಂದು ತಿಳಿಯಾಗಿಯೇ ಉಳಿಯಿತು. ಒಂದೇ ಸರೋವರ, ಒಂದೇ ಬಿಸಿಲು; ಭೇದ ಕೇವಲ ಒಂದು ಲವಣದ್ದು. ಯಾವ ಪೋಷಕ ಅತ್ಯಂತ ಕೊರತೆಯಲ್ಲಿರುವುದೋ ಅದೇ ಬೆಳೆಯ ಮಿತಿಯನ್ನು ಗೊತ್ತುಮಾಡುತ್ತದೆಂಬ ಕೃಷಿಶಾಸ್ತ್ರದ ನಿಯಮ ನೀರಿಗೂ ಅನ್ವಯಿಸುತ್ತದೆಂಬುದು ಇದರಿಂದ ಸ್ಪಷ್ಟವಾಯಿತು.

ನಲ್ಲಿಯ ನೀರು ಎಲ್ಲಿಂದ ಬರುತ್ತದೆ?

ನಲ್ಲಿಯೆಂಬುದು ದ್ವಾರ ಮಾತ್ರ. ನೀರಿನ ಗುಣ ಅದರ ಮೂಲದಲ್ಲಿದೆ. ತುಮಕೂರು ಸೀಮೆಯಲ್ಲಿ ಮೂಲಗಳು ಮುಖ್ಯವಾಗಿ ಎರಡು. ಒಂದು ಹೇಮಾವತಿ. ಮೂಡಿಗೆರೆಯ ಕಡೆಯ ಬೆಟ್ಟಗಳಲ್ಲಿ ಹುಟ್ಟುವ ಈ ನದಿಗೆ ಹಾಸನ ಜಿಲ್ಲೆಯ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅಲ್ಲಿಂದ ಕಾಲುವೆಯಾಗಿ ಹೊರಟ ನೀರು ಬಾಗೂರು ನವಿಲೆಯ ಸುರಂಗವನ್ನು ದಾಟಿ ತುಮಕೂರು ಜಿಲ್ಲೆಗೆ ಬರುತ್ತದೆ. ತುಮಕೂರು ನಗರದ ಕುಡಿಯುವ ನೀರಿಗೆ ಆಸರೆಯಾದ ಬುಗುಡನಹಳ್ಳಿಯ ಜಲಸಂಗ್ರಹ ತುಂಬುವುದು ಈ ನೀರಿನಿಂದಲೇ. ಇನ್ನೊಂದು ಮೂಲ ಕೊಳವೆಬಾವಿ. ಕಾಲುವೆ ವರ್ಷವಿಡೀ ಹರಿಯುವುದಿಲ್ಲವಾದ್ದರಿಂದ ಬೇಸಗೆಯಲ್ಲಿ ಅನೇಕ ಮನೆಗಳು ಕೊಳವೆಬಾವಿಯ ನೀರನ್ನೇ ನೆಚ್ಚುತ್ತವೆ. ಒಂದೇ ನಲ್ಲಿಯಲ್ಲಿ ಕಾರ್ತಿಕದಲ್ಲಿ ಒಂದು ಬಗೆಯ ನೀರೂ ಚೈತ್ರದಲ್ಲಿ ಇನ್ನೊಂದು ಬಗೆಯ ನೀರೂ ಬರುವುದು ಅಸಂಭವವಲ್ಲ. ಮಳೆಗಾಲದಲ್ಲಿ ತಿಳಿಯಾಗಿದ್ದ ತೊಟ್ಟಿ ಬೇಸಗೆಯಲ್ಲಿ ಹಸುರಾದರೆ ಬಿಸಿಲನ್ನು ಮಾತ್ರ ದೂರಿ ಸುಮ್ಮನಾಗದೆ ನೀರಿನ ಮೂಲ ಬದಲಾಯಿತೇ ಎಂದು ವಿಚಾರಿಸುವುದು ಯುಕ್ತ.

ನದಿಯ ನೀರಿನಲ್ಲಿ ಲವಣ ಸಾಮಾನ್ಯವಾಗಿ ಕಡಿಮೆ. ಆದರೆ ಶುದ್ಧೀಕರಣಕ್ಕಾಗಿ ಕೂಡಿಸಿದ ಕ್ಲೋರೀನು ಇರುತ್ತದೆ. ಅದು ಮನುಷ್ಯನಿಗೆ ರಕ್ಷಕ, ಮೀನಿನ ಕಿವಿರಿಗೆ ಮಾರಕ. ಕೊಳವೆಬಾವಿಯ ನೀರಿನ ಕಥೆ ಬೇರೆ. ಈ ಸೀಮೆಯ ನೆಲದಡಿ ಇರುವುದು ಕಗ್ಗಲ್ಲು. ಅದರ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು ಸುಣ್ಣದ ಅಂಶವನ್ನೂ ಮೆಗ್ನೀಸಿಯಂ ಅಂಶವನ್ನೂ ಸಿಲಿಕಾವನ್ನೂ ಕರಗಿಸಿಕೊಳ್ಳುತ್ತದೆ. ಪಾತ್ರೆಯ ಒಳಮೈಗೆ ಬಿಳಿಯ ಪೊರೆ ಕಟ್ಟುವುದು ಈ ಗಡಸುತನದಿಂದ. ಹೊಸ ತೊಟ್ಟಿಗೆ ಕಂದು ಪೊರೆ ಕಟ್ಟುವುದಕ್ಕೆ ಅದೇ ನೀರಿನ ಸಿಲಿಕಾ ನೆರವಾಗುತ್ತದೆ. ಇವು ಕಲ್ಲಿನ ಕೊಡುಗೆ. ಆದರೆ ನೈಟ್ರೇಟು ಬಹುಮಟ್ಟಿಗೆ ಮನುಷ್ಯನ ಕೊಡುಗೆ. ತೆಂಗು ಅಡಕೆಯ ತೋಟಗಳಿಗೂ ಹೊಲಗಳಿಗೂ ಮಿತಿಮೀರಿ ಸುರಿದ ಯೂರಿಯಾ, ತಿಪ್ಪೆಗುಂಡಿಯ ಬಸಿ, ಶೌಚದ ಗುಂಡಿಗಳಿಂದ ಇಂಗಿದ ದ್ರವ, ಇವುಗಳಲ್ಲಿಯ ಸಾರಜನಕವು ನೈಟ್ರೇಟಾಗಿ ಪರಿಣಮಿಸಿ ಮಳೆನೀರಿನೊಡನೆ ಕೆಳಗಿಳಿಯುತ್ತದೆ. ಮಣ್ಣು ಅದನ್ನು ಹಿಡಿದಿಡಲಾರದು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಭೇದವೂ ತಿಳಿಯದು. ಆದಕಾರಣ ನೀರು ತಿಳಿಯಾಗಿದೆ ಎಂಬುದರಿಂದ ಅದು ನೈಟ್ರೇಟಿಲ್ಲದ ನೀರೆಂದು ಹೇಳಲಾಗದು.

ಕದಡಿದ್ದು ಬೇರೆ, ಕರಗಿದ್ದು ಬೇರೆ ಎಂಬ ವಿವೇಕ ಇಲ್ಲಿ ಅವಶ್ಯಕ. ಕತಕಬೀಜವನ್ನು, ಎಂದರೆ ಚಿಲ್ಲದ ಬೀಜವನ್ನು, ತೇಯ್ದು ಹಾಕಿ ನೀರನ್ನು ತಿಳಿಗೊಳಿಸುವ ಕ್ರಮ ಪ್ರಾಚೀನರಿಗೆ ಗೊತ್ತಿತ್ತು. ಪಟಿಕದ ಉಪಯೋಗ ಇಂದಿಗೂ ಇದೆ. ಇವು ಕದಡನ್ನು ತಳಕ್ಕಿಳಿಸುತ್ತವೆ. ಕರಗಿದ ನೈಟ್ರೇಟನ್ನು ಇವು ಮುಟ್ಟಲಾರವು. ಬಟ್ಟೆಯಲ್ಲಿ ಸೋಸಿದರೂ ಹೋಗದು. ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಆದರೆ ಆವಿಯಾದಷ್ಟು ನೀರು ಕಡಿಮೆಯಾಗಿ ಉಳಿದ ನೀರಿನಲ್ಲಿ ನೈಟ್ರೇಟಿನ ಸಾಂದ್ರತೆ ಹೆಚ್ಚುತ್ತದೆ.

ತೊಟ್ಟಿಯೊಳಗಿನ ಚಕ್ರ

ನಲ್ಲಿಯ ನೀರು ತರುವುದು ಒಂದು ಪಾಲು. ತೊಟ್ಟಿಯಲ್ಲಿಯೇ ಹುಟ್ಟುವುದು ಇನ್ನೊಂದು ಪಾಲು. ಮೀನಿನ ಮಲಮೂತ್ರ, ತಿನ್ನದೆ ಉಳಿದ ಆಹಾರ, ಕೊಳೆತ ಎಲೆ, ಇವುಗಳಿಂದ ಅಮೋನಿಯ ಉತ್ಪನ್ನವಾಗುತ್ತದೆ. ಅಮೋನಿಯ ಮೀನಿಗೆ ವಿಷ. ನೀರು ಕ್ಷಾರೀಯವಾಗಿದ್ದಷ್ಟೂ ಅದರ ತೀವ್ರತೆ ಅಧಿಕ. ತೊಟ್ಟಿಯ ಮರಳಿನಲ್ಲಿಯೂ ಶೋಧಕದ ಸ್ಪಂಜಿನಲ್ಲಿಯೂ ನೆಲೆಸುವ ಒಂದು ಬಗೆಯ ಬ್ಯಾಕ್ಟೀರಿಯ ಅಮೋನಿಯವನ್ನು ನೈಟ್ರೈಟಾಗಿಯೂ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಮಣ್ಣಿನಲ್ಲಿ ನಡೆಯುವ ಈ ಕ್ರಿಯೆಯನ್ನು 1890ರ ಸುಮಾರಿನಲ್ಲಿ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ ಸ್ಪಷ್ಟಪಡಿಸಿದನು. ನೈಟ್ರೈಟು ಮೀನಿನ ರಕ್ತದ ಪ್ರಾಣವಾಯುವನ್ನು ಒಯ್ಯುವ ಶಕ್ತಿಯನ್ನು ಕುಂದಿಸಿ ರಕ್ತವನ್ನು ಕಂದಾಗಿಸುತ್ತದೆ. ನೈಟ್ರೇಟು ಅಷ್ಟು ಘಾತುಕವಲ್ಲ. ಆದರೆ ಅದೇ ಪಾಚಿಯ ಅನ್ನ.

ನೈಟ್ರೇಟನ್ನು ಹೊರಹಾಕಲು ವಾರವಾರವೂ ಸ್ವಲ್ಪ ನೀರನ್ನು ಬದಲಿಸಬೇಕೆಂಬುದು ಎಲ್ಲ ಕೈಪಿಡಿಗಳ ಉಪದೇಶ. ಉಪದೇಶ ಸರಿಯಾದದ್ದೇ, ಆದರೆ ಹೊಸ ನೀರಿನಲ್ಲಿ ನೈಟ್ರೇಟು ಅಲ್ಪವಾಗಿದ್ದಾಗ ಮಾತ್ರ ಫಲಕಾರಿ. ಒಂದು ಲೆಕ್ಕದಿಂದ ಇದನ್ನು ಮನಗಾಣಬಹುದು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಮರಳು ಕಳೆದು ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ವಾರಕ್ಕೆ 10 ಲೀಟರ್, ಎಂದರೆ ಐದರಲ್ಲಿ ಒಂದು ಪಾಲು ಬದಲಿಸುವುದೆಂದೂ, ಮೀನುಗಳಿಂದ ವಾರಕ್ಕೆ ಲೀಟರಿಗೆ 5 ಮಿಲಿಗ್ರಾಂ ನೈಟ್ರೇಟು ಸೇರುವುದೆಂದೂ ಭಾವಿಸೋಣ. ಹೊಸ ನೀರು ನೈಟ್ರೇಟಿಲ್ಲದ ಮಳೆನೀರಾದರೆ ತೊಟ್ಟಿಯ ಪ್ರಮಾಣ ಕಾಲಕ್ರಮದಲ್ಲಿ 25 ಮಿಲಿಗ್ರಾಂನಲ್ಲಿ ನಿಲ್ಲುತ್ತದೆ: 25ರಲ್ಲಿ ಐದನೆಯ ಒಂದು ಪಾಲು ಹೋಗಿ 20 ಉಳಿಯುತ್ತದೆ, ವಾರದಲ್ಲಿ 5 ಸೇರಿ ಮತ್ತೆ 25 ಆಗುತ್ತದೆ. ಹೊಸ ನೀರಿನಲ್ಲಿಯೇ 40 ಮಿಲಿಗ್ರಾಂ ಇದ್ದರೆ ಪ್ರಮಾಣ 65ಕ್ಕೆ ಏರಿ ನಿಲ್ಲುತ್ತದೆ. ಅಂತಹ ನೀರನ್ನು ದಿನವೂ ಬದಲಿಸಿದರೂ ತೊಟ್ಟಿಯ ನೈಟ್ರೇಟು 40ಕ್ಕಿಂತ ಕೆಳಗಿಳಿಯಲಾರದು. ಏಕೆಂದರೆ ತುಂಬುತ್ತಿರುವುದೇ 40ರ ನೀರು. ಅರ್ಧ ನಲ್ಲಿಯ ನೀರು, ಅರ್ಧ ಮಳೆಯ ನೀರು ಬೆರೆಸಿದರೆ ಪ್ರಮಾಣ 45ರಲ್ಲಿ ನಿಲ್ಲುತ್ತದೆ. ಮೈಮುರಿದು ತೊಳೆದರೂ ಪಾಚಿ ಹೋಗಲಿಲ್ಲವೆಂದು ಕೊರಗುವವರ ಪ್ರಶ್ನೆಗೆ ಉತ್ತರ ಈ ಅಂಕಿಗಳಲ್ಲಿದೆ.

ಸಾಮಾನ್ಯ ಪ್ರಮಾದಗಳು

ಪಾಚಿಯ ಮೇಲಿನ ಕೋಪದಲ್ಲಿ ಮೀನನ್ನು ಕೊಲ್ಲುವ ಪ್ರಮಾದಗಳು ಹಲವು. ನೀರನ್ನೆಲ್ಲ ಒಮ್ಮೆಲೇ ಚೆಲ್ಲಿ ಮರಳನ್ನೂ ಸ್ಪಂಜನ್ನೂ ನಲ್ಲಿಯ ಕೆಳಗೆ ಹಿಡಿದು ತೊಳೆಯುವುದು ಮೊದಲನೆಯದು. ಕ್ಲೋರೀನಿನ ನೀರು ತಗುಲಿ ಉಪಕಾರಿ ಬ್ಯಾಕ್ಟೀರಿಯ ನಾಶವಾಗುತ್ತದೆ. ಮರುದಿನದಿಂದ ಅಮೋನಿಯ ಏರುತ್ತದೆ. ಸ್ವಚ್ಛವಾದ ತೊಟ್ಟಿಯಲ್ಲಿ ಮೀನು ಏಕೆ ಸತ್ತಿತೆಂದು ಮನೆಯವರು ಬೆರಗಾಗುತ್ತಾರೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿಯೇ ಅದ್ದಿ ಹಿಂಡುವುದು ಸರಿಯಾದ ಕ್ರಮ.

ಮೈಲುತುತ್ತವನ್ನು ಹಾಕುವುದು ಎರಡನೆಯ ಪ್ರಮಾದ. ಅಡಕೆ ಬೆಳೆಗಾರರಿಗೆ ಬೋರ್ಡೋ ದ್ರಾವಣದ ಮೂಲಕ ಪರಿಚಿತವಾದ ಈ ತಾಮ್ರದ ಲವಣ ಪಾಚಿಯನ್ನು ಕೊಲ್ಲುವುದು ನಿಜ. ಆದರೆ ಅದು ಮೀನಿಗೂ ಬಸವನಹುಳುವಿಗೂ ಸಿಗಡಿಗೂ ವಿಷ. ಮೇಲಾಗಿ ಸತ್ತ ಪಾಚಿ ಕೊಳೆತು ನೀರಿನ ಪ್ರಾಣವಾಯುವನ್ನು ಹೀರಿ, ತನ್ನಲ್ಲಿದ್ದ ಲವಣಗಳನ್ನೆಲ್ಲ ಮರಳಿ ನೀರಿಗೇ ಬಿಟ್ಟುಕೊಡುತ್ತದೆ. ಬ್ಲೀಚಿಂಗ್ ಪುಡಿಯ ಮಾತಂತೂ ಹೇಳುವುದೇ ಬೇಡ. ನೀಲಿಹಸುರು ಹಾಸಿಗೆ ಜೀವಿರೋಧಕ ಔಷಧಿಯ ಮಾತ್ರೆಯನ್ನು ಕರಗಿಸಿ ಹಾಕುವವರೂ ಇದ್ದಾರೆ. ಉಪಕಾರಿ ಬ್ಯಾಕ್ಟೀರಿಯಕ್ಕೆ ಅಪಾಯವುಂಟಾಗುವುದಲ್ಲದೆ, ಚರಂಡಿಗೆ ಹರಿದ ಔಷಧಿಯಿಂದ ರೋಗಾಣುಗಳು ಔಷಧಿಗೆ ಬಗ್ಗದಂತಾಗುವ ಭಯವೂ ಉಂಟು.

ಮೂರನೆಯದು ಈಚಿನ ಪ್ರಮಾದ. ಮನೆಗಳಲ್ಲಿ ಆರ್.ಓ. ಯಂತ್ರಗಳು ಬಂದ ಮೇಲೆ ಅದರ ಕೊಳವೆಯಿಂದ ಹೊರಬೀಳುವ ತ್ಯಾಜ್ಯ ನೀರನ್ನು ವ್ಯರ್ಥಮಾಡಬಾರದೆಂಬ ಸದ್ಬುದ್ಧಿಯಿಂದ ತೊಟ್ಟಿಗೆ ತುಂಬುವುದುಂಟು. ಯಂತ್ರವು ಕುಡಿಯುವ ನೀರಿನಿಂದ ತೆಗೆದ ಲವಣಗಳೆಲ್ಲ ಸಾಂದ್ರವಾಗಿರುವುದು ಆ ನೀರಿನಲ್ಲಿಯೇ. ನೆಲ ಒರೆಸಲು, ಶೌಚಾಲಯಕ್ಕೆ ಅದು ಆಗಬಹುದು. ಮೀನಿನ ತೊಟ್ಟಿಗೆ ಸಲ್ಲದು.

ನಿಯಂತ್ರಣದ ಕ್ರಮ

ಪಾಚಿಯನ್ನು ನಿರ್ಮೂಲಗೊಳಿಸುವುದು ಸಾಧ್ಯವೂ ಅಲ್ಲ, ಅಪೇಕ್ಷಣೀಯವೂ ಅಲ್ಲ. ಅದನ್ನು ಹದ್ದಿನಲ್ಲಿಡುವುದೇ ಗುರಿ. ಇದಕ್ಕೆ ಪರೀಕ್ಷೆಯೇ ಮೊದಲ ಹೆಜ್ಜೆ. ಮೀನಿನ ಅಂಗಡಿಗಳಲ್ಲಿ ನೈಟ್ರೇಟು, ನೈಟ್ರೈಟು, ಅಮೋನಿಯಗಳನ್ನು ಬಣ್ಣದಿಂದ ತೋರಿಸುವ ಪಟ್ಟಿಗಳೂ ಹನಿಗಳೂ ದೊರೆಯುತ್ತವೆ. ತೊಟ್ಟಿಯ ನೀರನ್ನು ಮಾತ್ರ ಪರೀಕ್ಷಿಸದೆ ನಲ್ಲಿಯ ನೀರನ್ನೂ ಬೇರೆಯಾಗಿ ಪರೀಕ್ಷಿಸಬೇಕು. ಎರಡೂ ಸಮಸಮವಾಗಿ ಹೆಚ್ಚಾಗಿದ್ದರೆ ದೋಷ ನಲ್ಲಿಯದು. ನಲ್ಲಿಯದು ಕಡಿಮೆ, ತೊಟ್ಟಿಯದು ಹೆಚ್ಚು ಎಂದಾದರೆ ದೋಷ ಸಾಕುವವರ ಕೈಯದು.

ದೋಷ ನಲ್ಲಿಯದಾದರೆ ಮಳೆನೀರಿನಷ್ಟು ಸುಲಭವಾದ ಪರಿಹಾರ ಮತ್ತೊಂದಿಲ್ಲ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರ್ ಚಾವಣಿಯ ಮೇಲೆ 10 ಮಿಲಿಮೀಟರಿನ ಒಂದು ಹದಮಳೆ ಸಾವಿರ ಲೀಟರ್ ಸುರಿಸುತ್ತದೆ. ವಾರಕ್ಕೆ ಐದು ಲೀಟರ್ ಬೇಕಾಗುವ ತೊಟ್ಟಿಗೆ ಒಂದು ಪೀಪಾಯಿಯ ಸಂಗ್ರಹ ತಿಂಗಳುಗಟ್ಟಲೆ ಸಾಕು. ಮೊದಲ ಮಳೆಯ ನೀರು ಧೂಳು, ಹಕ್ಕಿಯ ಹಿಕ್ಕೆಗಳನ್ನು ತರುವುದರಿಂದ ಅದನ್ನು ಹರಿಯಬಿಟ್ಟು, ಅನಂತರದ್ದನ್ನು ಮುಚ್ಚಿದ ಪಾತ್ರೆಯಲ್ಲಿ ಕತ್ತಲೆಯಲ್ಲಿ ಇಡಬೇಕು. ಬರಿಯ ಮಳೆನೀರೂ ಬರಿಯ ಆರ್.ಓ. ನೀರೂ ಮೀನಿಗೆ ಹಿತವಲ್ಲ. ಅವುಗಳಲ್ಲಿ ಖನಿಜಾಂಶ ತೀರ ಅಲ್ಪ. ನಲ್ಲಿಯ ನೀರಿನೊಡನೆ ಬೆರೆಸಿ, ಪ್ರಮಾಣವನ್ನು ವಾರವಾರವೂ ಕ್ರಮೇಣ ಬದಲಿಸುವುದು ಕ್ಷೇಮ. ಕ್ಲೋರೀನಿರುವ ನೀರನ್ನು ತೆರೆದ ಬಕೆಟ್ಟಿನಲ್ಲಿ ಒಂದು ದಿನ ನಿಲ್ಲಿಸಿ ಅನಂತರ ಬಳಸಬೇಕು. ಆದರೆ ಕ್ಲೋರೀನನ್ನು ಅಮೋನಿಯದೊಡನೆ ಕೂಡಿಸಿ ಶುದ್ಧೀಕರಿಸಿದ ನೀರಿಗೆ ಈ ಕ್ರಮ ಸಾಲದು. ಅಲ್ಲಿ ಕ್ಲೋರೀನು ತೆಗೆಯುವ ದ್ರಾವಣ ಬೇಕಾಗುತ್ತದೆ.

ಬೆಳಕಿನ ಮಿತಿಯನ್ನೂ ಅಷ್ಟೇ ಎಚ್ಚರದಿಂದ ಗಮನಿಸಬೇಕು. ತೊಟ್ಟಿಯನ್ನು ಕಿಟಕಿಯ ಬಿಸಿಲು ನೇರವಾಗಿ ಬೀಳುವೆಡೆ ಇಡಬಾರದು. ದೀಪವನ್ನು ದಿನಕ್ಕೆ 6ರಿಂದ 8 ಗಂಟೆಯ ಕಾಲ ಮಾತ್ರ, ಗೊತ್ತಾದ ವೇಳೆಗೆ, ಉರಿಸಬೇಕು. ನೀರೇ ಹಸುರಾಗಿದ್ದರೆ ಮೂರು ದಿನ ತೊಟ್ಟಿಗೆ ದಟ್ಟವಾದ ಬಟ್ಟೆ ಹೊದಿಸಿ, ದೀಪವಾರಿಸಿ, ಗಾಳಿಯ ಯಂತ್ರವನ್ನು ಮಾತ್ರ ನಡೆಸುತ್ತಿದ್ದರೆ ತೇಲುಪಾಚಿ ಗಣನೀಯವಾಗಿ ಇಳಿಯುತ್ತದೆ. ಬಟ್ಟೆ ತೆಗೆದೊಡನೆ ಕಾಲುಭಾಗ ನೀರನ್ನು ಬದಲಿಸಿ ಸತ್ತ ಪಾಚಿಯನ್ನು ಹೊರಹಾಕಬೇಕು.

ಪಾಚಿಗೆ ಪ್ರತಿಸ್ಪರ್ಧಿಯನ್ನು ಒದಗಿಸುವುದು ಇನ್ನೊಂದು ಉಪಾಯ. ಹೈಡ್ರಿಲ್ಲ, ವ್ಯಾಲಿಸ್ನೇರಿಯ ಮೊದಲಾದ ನೀರಿನ ಗಿಡಗಳು ವೇಗವಾಗಿ ಬೆಳೆದು ನೈಟ್ರೇಟನ್ನೂ ಫಾಸ್ಫೇಟನ್ನೂ ತಾವು ಹೀರಿ ಪಾಚಿಯನ್ನು ಉಪವಾಸ ಕೆಡವುತ್ತವೆ. ಬೆಳೆದ ಭಾಗವನ್ನು ಆಗಾಗ ಕತ್ತರಿಸಿ ಹೊರಹಾಕಿದರೆ ಅಷ್ಟು ಲವಣ ಹೊರಹೋದಂತಾಯಿತು. ಅದನ್ನು ಹೂವಿನ ಕುಂಡಕ್ಕೆ ಗೊಬ್ಬರವಾಗಿ ಹಾಕಬಹುದು. ತೊಟ್ಟಿಯಲ್ಲಿಯೇ ಕೊಳೆಯಲು ಬಿಟ್ಟರೆ ಗಳಿಸಿದ್ದೆಲ್ಲ ನಷ್ಟ.

ಆಹಾರದ ಮಿತಿಯೂ ಮುಖ್ಯ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ದಿನಕ್ಕೆ ಒಂದೋ ಎರಡೋ ಬಾರಿ ಹಾಕಿದರೆ ಸಾಕು. ಮನೆಗೆ ಬಂದ ಮಕ್ಕಳೆಲ್ಲ ಒಂದೊಂದು ಚಿಟಿಕೆ ಹಾಕುವ ವಾತ್ಸಲ್ಯ ಮೀನಿಗಿಂತ ಪಾಚಿಗೆ ಹೆಚ್ಚು ಉಪಕಾರಿ. ಕಡೆಯದಾಗಿ, ನೀರಿಗೆ ತಕ್ಕ ಮೀನನ್ನು ಆರಿಸಬೇಕು. ಗಪ್ಪಿ, ಮೋಲಿ ಮೊದಲಾದವು ಗಡಸು ನೀರಿಗೆ ಒಗ್ಗುತ್ತವೆ; ಮೋಲಿ ಪಾಚಿಯನ್ನೂ ಮೇಯುತ್ತದೆ. ಮೃದುಜಲದ ಮೀನನ್ನು ತಂದು ಕೊಳವೆಬಾವಿಯ ನೀರಿನಲ್ಲಿ ಬಿಟ್ಟು ಅದು ಬದುಕಲಿಲ್ಲವೆಂದು ವ್ಯಥೆಪಡುವುದರಲ್ಲಿ ಅರ್ಥವಿಲ್ಲ.

ಶಾಲೆಗೊಂದು ಪ್ರಯೋಗ

ಅಧ್ಯಾಪಕರು ಇದನ್ನು ಯಾವ ಖರ್ಚೂ ಇಲ್ಲದೆ ತರಗತಿಯಲ್ಲಿ ತೋರಿಸಬಹುದು. ಒಂದೇ ಅಳತೆಯ ಐದು ಗಾಜಿನ ಜಾಡಿಗಳು ಸಾಕು. ಒಂದರಲ್ಲಿ ಮಳೆಯ ನೀರು, ಎರಡನೆಯದರಲ್ಲಿ ನಲ್ಲಿಯ ನೀರು, ಮೂರನೆಯದರಲ್ಲಿ ಕೊಳವೆಬಾವಿಯ ನೀರು, ನಾಲ್ಕನೆಯದರಲ್ಲಿ ಎರಡು ಹರಳು ಯೂರಿಯಾ ಹಾಗೂ ಚಿಟಿಕೆ ಸೂಪರ್ ಫಾಸ್ಫೇಟು ಕರಗಿಸಿದ ಮಳೆಯ ನೀರು, ಐದನೆಯದರಲ್ಲಿ ಅದೇ ಗೊಬ್ಬರದ ನೀರನ್ನೇ ಹಾಕಿ ಜಾಡಿಗೆ ಕಪ್ಪು ಕಾಗದ ಸುತ್ತಬೇಕು. ಎಲ್ಲವನ್ನೂ ಒಂದು ದಿನ ತೆರೆದಿಟ್ಟು, ಪ್ರತಿಯೊಂದಕ್ಕೂ ಕೆರೆಯ ಹಸುರು ನೀರನ್ನು ಒಂದೊಂದು ಚಮಚ ಹಾಕಿ ಒಂದೇ ಕಿಟಕಿಯ ಬಳಿ ಇರಿಸಿ, ಎರಡು ಮೂರು ವಾರ ದಿನವೂ ಬಣ್ಣವನ್ನು ಬರೆದಿಡಬೇಕು. ಗೊಬ್ಬರದ ನೀರು ಬೆಳಕಿನಲ್ಲಿ ಹಸುರಾಗುವುದನ್ನೂ, ಅದೇ ನೀರು ಕತ್ತಲೆಯಲ್ಲಿ ಹಸುರಾಗದಿರುವುದನ್ನೂ, ಬರಿಯ ಮಳೆಯ ನೀರು ಹಿಂದುಳಿಯುವುದನ್ನೂ ಮಕ್ಕಳು ಕಣ್ಣಾರೆ ಕಾಣುವರು. ತಮ್ಮ ಊರಿನ ನಲ್ಲಿಯ ನೀರು ಇವುಗಳ ನಡುವೆ ಎಲ್ಲಿ ನಿಲ್ಲುತ್ತದೆಂಬುದು ಅವರೇ ಕಂಡುಕೊಳ್ಳಬೇಕಾದ ಉತ್ತರ. ಆ ಜಾಡಿಗಳ ನೀರನ್ನು ಯಾರೂ ಕುಡಿಯದಂತೆ ಎಚ್ಚರ ವಹಿಸಬೇಕೆಂದು ಬೇರೆ ಹೇಳಬೇಕಾಗಿಲ್ಲ.

ತೊಟ್ಟಿಯಿಂದ ತೊಟ್ಟಿಲಿಗೆ, ತೊಟ್ಟಿಯಿಂದ ಕೆರೆಗೆ

ಮೀನಿನ ತೊಟ್ಟಿಯ ಪಾಚಿ ಸಣ್ಣ ವಿಷಯವೆಂದು ತೋರಬಹುದು. ಆದರೆ ತೊಟ್ಟಿಗೆ ತುಂಬಿದ ನೀರನ್ನೇ ಮನೆಯವರು ಕುಡಿಯುತ್ತಾರೆ. ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. 1945ರಲ್ಲಿ ಅಮೆರಿಕದ ಅಯೋವಾ ಪ್ರಾಂತದ ವೈದ್ಯ ಕಾಮ್ಲಿ ಎಂಬುವರು, ಬಾವಿಯ ನೀರಿನಲ್ಲಿ ಕಲಸಿದ ಹಾಲನ್ನು ಕುಡಿದ ಹಸುಗೂಸುಗಳು ನೀಲಿಗಟ್ಟುವುದಕ್ಕೆ ಆ ನೀರಿನ ನೈಟ್ರೇಟೇ ಕಾರಣವೆಂದು ತೋರಿಸಿದರು. ಶಿಶುವಿನ ಒಡಲಿನಲ್ಲಿ ನೈಟ್ರೇಟು ನೈಟ್ರೈಟಾಗಿ ಮಾರ್ಪಟ್ಟು, ತೊಟ್ಟಿಯ ಮೀನಿನ ರಕ್ತಕ್ಕೆ ಏನನ್ನು ಮಾಡುತ್ತದೆಯೋ ಅದನ್ನೇ ಕೂಸಿನ ರಕ್ತಕ್ಕೂ ಮಾಡುತ್ತದೆ. ಕುದಿಸಿದ ನೀರೆಂಬ ಧೈರ್ಯ ಇಲ್ಲಿ ಉಪಯೋಗಕ್ಕೆ ಬಾರದು. ಎಲ್ಲ ಪಾಚಿಯೂ ನೈಟ್ರೇಟಿನ ಸಾಕ್ಷಿಯಲ್ಲ. ಬಿಸಿಲೂ ಅತಿಯಾದ ಆಹಾರವೂ ಕಾರಣವಾಗಿರಬಹುದು. ಆದರೆ ಎಷ್ಟು ಎಚ್ಚರ ವಹಿಸಿದರೂ ಹಸುರು ಬಿಡದ ತೊಟ್ಟಿ ಮನೆಯಲ್ಲಿದ್ದು, ಅದೇ ಮನೆಯಲ್ಲಿ ಹಸುಗೂಸೂ ಇದ್ದರೆ, ಆ ನೀರನ್ನು ಪ್ರಯೋಗಶಾಲೆಗೆ ಕಳುಹಿಸಿ ಪರೀಕ್ಷೆ ಮಾಡಿಸುವುದು ಹಿರಿಯರ ಕರ್ತವ್ಯ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಗ್ರಾಮಗಳಲ್ಲಿಯೇ ನೀರನ್ನು ಪರೀಕ್ಷಿಸುವ ಪೆಟ್ಟಿಗೆಗಳನ್ನು ಒದಗಿಸುವ ಏರ್ಪಾಡೂ ಸೇರಿದೆ.

ಇನ್ನು ಕೆರೆಗಳ ಮಾತು. ತುಮಕೂರಿನ ಅಮಾನಿಕೆರೆ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆ, ಜನಪದ ಗೀತೆಯಲ್ಲಿ ಹಾಡಾಗಿ ಹರಿದ ಕುಣಿಗಲ್ಲಿನ ದೊಡ್ಡಕೆರೆ, ಇವೆಲ್ಲವೂ ಒಂದರ್ಥದಲ್ಲಿ ಮುಚ್ಚಳವಿಲ್ಲದ ತೊಟ್ಟಿಗಳೇ. ಯಾವ ಕೆರೆಗೇ ಆಗಲಿ, ಚರಂಡಿಯ ನೀರೂ ಸಾಬೂನಿನ ಫಾಸ್ಫೇಟೂ ಹೊಲದ ಗೊಬ್ಬರವೂ ಸೇರಿದರೆ ಗಾಜಿನ ತೊಟ್ಟಿಯಲ್ಲಿ ನಡೆದದ್ದೇ ಅಲ್ಲಿಯೂ ನಡೆಯುತ್ತದೆ. ಹಗಲೆಲ್ಲ ಪ್ರಾಣವಾಯುವನ್ನು ಬಿಡುವ ಪಾಚಿ ರಾತ್ರಿಯೆಲ್ಲ ಅದನ್ನೇ ಉಸಿರಾಡಿ ಮುಗಿಸುವುದರಿಂದ ಬೆಳಗಿನ ಜಾವಕ್ಕೆ ಮೀನುಗಳು ಬಾಯಿ ಬಿಡುತ್ತ ಮೇಲೆ ಬಂದು ಸಾಯುತ್ತವೆ. ಗಾಜಿನ ತೊಟ್ಟಿಯನ್ನು ಚೆಲ್ಲಿ ಹೊಸದಾಗಿ ತುಂಬಬಹುದು. ಕೆರೆಯನ್ನು ಚೆಲ್ಲುವ ಕೈಯಿಲ್ಲ.

ಕೆರೆಗೆ ತೊಟ್ಟಿಯಿಂದ ನೇರವಾಗಿ ಒದಗುವ ಕೇಡೂ ಒಂದಿದೆ. ಗಾಜಿನ ಪಾಚಿ ತಿನ್ನುತ್ತದೆಂದು ಅಂಗಡಿಯಲ್ಲಿ ಮಾರುವ ಸಕ್ಕರ್ ಮೀನು ಬೆರಳುದ್ದದಿಂದ ಬೆಳೆದು ಒಂದಡಿಯನ್ನೂ ಮೀರುತ್ತದೆ. ಸಾಕಲಾರದವರು ದಯೆಯಿಂದ ಅದನ್ನು ಕೆರೆಗೆ ಬಿಡುತ್ತಾರೆ. ದಕ್ಷಿಣ ಅಮೆರಿಕ ಮೂಲದ ಈ ಮೀನು ಭಾರತದ ಹಲವು ಜಲಾಶಯಗಳಲ್ಲಿ ಈಗಾಗಲೇ ನೆಲೆಯೂರಿ ನಾಡಮೀನುಗಳ ಆಹಾರವನ್ನು ಕಸಿಯುತ್ತಿದೆ. ದಡವನ್ನು ಕೊರೆದು ಬಿಲ ಮಾಡುವುದು ಅದರ ಸ್ವಭಾವ. ಮಣ್ಣಿನ ಏರಿಯನ್ನೇ ನಂಬಿದ ಕೆರೆಗಳ ನಾಡಿನಲ್ಲಿ ಇದು ದಯೆಯಾಗಲಾರದು. ಬೇಡವಾದ ಮೀನನ್ನು ಅಂಗಡಿಗೋ ಇನ್ನೊಬ್ಬ ಸಾಕುವವರಿಗೋ ಕೊಡಬೇಕಲ್ಲದೆ ಕೆರೆಗೆ ಬಿಡಲಾಗದು.

ಶಾಲೆಗಳಿಗೆ ಮೀನಿನ ತೊಟ್ಟಿಯನ್ನು ದಾನವಾಗಿ ಕೊಡುವ ಉದಾರಿಗಳೂ ಹಳೆಯ ವಿದ್ಯಾರ್ಥಿಗಳೂ ಅದರೊಡನೆ ನೀರು ಪರೀಕ್ಷಿಸುವ ಹನಿಗಳ ಒಂದು ಪೆಟ್ಟಿಗೆಯನ್ನೂ ಮಳೆನೀರಿಗೊಂದು ಪೀಪಾಯಿಯನ್ನೂ ಕೊಟ್ಟರೆ ದಾನ ಸಂಪೂರ್ಣವಾಗುತ್ತದೆ. ಆಗ ತೊಟ್ಟಿ ಅಲಂಕಾರದ ವಸ್ತುವಾಗಿ ಮಾತ್ರ ಉಳಿಯದೆ ಪಾಠವಾಗುತ್ತದೆ. ಆ ಪಾಠವನ್ನು ಕಲಿತ ಬಾಲಕನು ನಾಳೆ ತನ್ನ ತೋಟಕ್ಕೆ ಗೊಬ್ಬರ ಹಾಕುವಾಗ ಕೈಯನ್ನು ಒಂದು ಕ್ಷಣ ತಡೆದು ಯೋಚಿಸುವನು; ಬಾವಿಯ ಪಕ್ಕದಲ್ಲಿ ಗುಂಡಿ ತೋಡುವವರಿಗೆ ಬೇಡವೆನ್ನುವನು. ಜಲನೀಲಿಯನ್ನು ಕಂಡು ಗಾಜನ್ನು ತಿಕ್ಕುವುದಕ್ಕೆ ಮೊದಲು ನೀರು ಬಂದ ದಾರಿಯನ್ನು ಹಿಂದಿರುಗಿ ನೋಡಬೇಕೆಂಬುದೇ ಆ ಪಾಠದ ಸಾರ.